ಸೂಪರ್‌ಮ್ಯಾನ್ ಯೇಸುಸ್ವಾಮಿ ತರಾನಾ? ಸಂಡೇ ಸ್ಕೂಲ್ ಹುಡುಗನಿಗೆ ಏನು ಹೇಳಲಿ?

ಪ್ರಶ್ನೆ:
ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಹೋದ ಭಾನುವಾರ ಒಬ್ಬ ಹುಡುಗ 2013ರ ಸೂಪರ್‌ಮ್ಯಾನ್ ಸಿನಿಮಾ 'ಮ್ಯಾನ್ ಆಫ್ ಸ್ಟೀಲ್' ನೋಡಿ ಬಂದು, "ಟೀಚರ್, ಸೂಪರ್‌ಮ್ಯಾನ್ ಯೇಸುಸ್ವಾಮಿ ತರಾನೇ ಅಲ್ವಾ?" ಅಂದ. ಆ ರಾತ್ರಿ ನಾನೂ ನೋಡಿದೆ. ಅವನು ಸುಮ್ಮನೆ ಹೇಳಿದ್ದಲ್ಲ. ನಾಯಕನಿಗೆ 33 ವರ್ಷ, ಶಿಲುಬೆಗೇರಿದಾಗ ಯೇಸುಸ್ವಾಮಿಗೂ ಅಷ್ಟೇ ವಯಸ್ಸು ಎನ್ನುತ್ತಾರೆ. ವೈರಿಗೆ ಶರಣಾಗುವ ಮೊದಲು ಚರ್ಚಿಗೆ ಹೋಗಿ ಪಾದ್ರಿಯ ಹತ್ತಿರ ಮಾತಾಡುತ್ತಾನೆ. ಅವನ ಹೆಗಲ ಹಿಂದಿನ ಬಣ್ಣದ ಗಾಜಿನಲ್ಲಿ ಯೇಸುಸ್ವಾಮಿ ತಾವು ಸೆರೆಸಿಕ್ಕ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸುತ್ತಿದ್ದಾರೆ. ಆಮೇಲೆ ಬಾಹ್ಯಾಕಾಶ ನೌಕೆಯಿಂದ ಹೊರಬರುವಾಗ ಎರಡೂ ಕೈ ಚಾಚಿ ಶಿಲುಬೆಯ ಹಾಗೆ ತೇಲುತ್ತಾನೆ. ಹುಡುಗನ ಕಣ್ಣಲ್ಲಿದ್ದ ಖುಷಿಗೆ ತಣ್ಣೀರೆರಚಲು ಮನಸ್ಸಿಲ್ಲ. ಹಾಗಂತ "ಹೌದು" ಅನ್ನಲೂ ಬಾಯಿ ಬರುತ್ತಿಲ್ಲ.

ಉತ್ತರ 1:
ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ ಯೆಹೂದಿಗಳು. ಕಾಮಿಕ್ಸ್‌ನಲ್ಲಿ ಅವನು ಬಂದದ್ದು 1938ರಲ್ಲಿ. ಕೂಸು ಬದುಕಲಿ ಎಂದು ಹೆತ್ತವರು ಪುಟ್ಟ ನೌಕೆಯಲ್ಲಿಟ್ಟು ಕಳಿಸುತ್ತಾರೆ, ಬೇರೆಯವರು ಸಾಕುತ್ತಾರೆ. ನನಗಂತೂ ನೈಲ್ ನದಿಯ ಜೊಂಡಿನ ನಡುವೆ ಪೆಟ್ಟಿಗೆಯಲ್ಲಿದ್ದ ಮೋಶೆಯೇ ನೆನಪಾಗುತ್ತಾನೆ. ಯೇಸುಸ್ವಾಮಿಯ ನೆನಪು ತರುವ ಹಾಗೆ, ತಂದೆ ತನ್ನ ಒಬ್ಬನೇ ಮಗನನ್ನು ಮನುಷ್ಯರ ಬಳಿಗೆ ಕಳಿಸಿದೆನೆಂದು ಹೇಳುವುದು 1978ರ 'ಸೂಪರ್‌ಮ್ಯಾನ್' ಸಿನಿಮಾದಲ್ಲಿದೆ.

ಉತ್ತರ 2:
ನನಗೆ ಇದರಲ್ಲಿ ನೋವಾಗುವುದು ವ್ಯಾಪಾರ. ಅಮೆರಿಕದಲ್ಲಿ ಈ ಚಿತ್ರ ಬಿಡುಗಡೆಯಾದಾಗ ಸ್ಟುಡಿಯೋ ಕಡೆಯಿಂದಲೇ ಪಾಸ್ಟರ್‌ಗಳಿಗೆ ಪ್ರಸಂಗದ ಟಿಪ್ಪಣಿಗಳು ಹೋಗಿದ್ದವು. ಶಿಲುಬೆಯನ್ನು ಟಿಕೆಟ್ ಮಾರಲು ಬಳಸಬಾರದು.

ಉತ್ತರ 3:
ಸಿಸ್ಟರ್, ಆ ಗಾಜಿನ ಚಿತ್ರವನ್ನೇ ಹಿಡಿದುಕೊಳ್ಳಿ. ಸಿನಿಮಾ ಗೆತ್ಸೇಮನೆಯನ್ನು ತೋರಿಸಿತು, ಆದರೆ ಆ ತೋಟದಲ್ಲಿ ಮುಂದೆ ನಡೆದದ್ದನ್ನು ಬಿಟ್ಟಿತು. ಹಿಡಿಯಲು ಬಂದವರಲ್ಲಿ ಮಲ್ಕನೆಂಬ ಆಳಿನ ಕಿವಿಯನ್ನು ಪೇತ್ರ ಕತ್ತರಿಸಿದ. ಯೇಸುಸ್ವಾಮಿ ಆ ಕಿವಿಯನ್ನು ಮುಟ್ಟಿ ವಾಸಿಮಾಡಿದರು. ಬೇಡಿಕೊಂಡರೆ ತಂದೆ ಹನ್ನೆರಡು ದಂಡಿಗಿಂತ ಹೆಚ್ಚು ದೂತರನ್ನು ಕಳಿಸುತ್ತಾನೆಂದೂ ಹೇಳಿದರು, ಬೇಡಲಿಲ್ಲ. ಸೂಪರ್‌ಮ್ಯಾನ್ ಕೊನೆಗೆ ರೈಲು ನಿಲ್ದಾಣದಲ್ಲಿ ಒಂದು ಕುಟುಂಬವನ್ನು ಉಳಿಸಲು ತನ್ನ ವೈರಿ ಜಾಡ್‌ನ ಕತ್ತು ಮುರಿಯುತ್ತಾನೆ. ಮುರಿದ ಮೇಲೆ ಅವನು ಕೂಗಿಕೊಳ್ಳುವುದು ನನ್ನ ಕರುಳು ಹಿಂಡಿತು. ಅವನಿಗೆ ಬೇರೆ ದಾರಿಯೇ ಇರಲಿಲ್ಲ. ನಮ್ಮ ಸ್ವಾಮಿಗೆ ಇತ್ತು, ಆದರೂ ತಪ್ಪಿಸಿಕೊಳ್ಳಲಿಲ್ಲ.

ಪ್ರಶ್ನೆ ಕೇಳಿದವರು:
ಬ್ರದರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಷ್ಟು ವರ್ಷ ಮಲ್ಕನ ಕಿವಿಯನ್ನು ಒಂದು ಸಾಲಿನಲ್ಲಿ ಹೇಳಿ ದಾಟಿಬಿಡುತ್ತಿದ್ದೆ. ಈ ಭಾನುವಾರ ಲೂಕ 22ನೇ ಅಧ್ಯಾಯವನ್ನು ಆ ಹುಡುಗನ ಕೈಲೇ ಓದಿಸುತ್ತೇನೆ. ಅವನು ಸಿನಿಮಾದ ಕಥೆಯನ್ನೂ ಪೂರ್ತಿ ಹೇಳಲಿ. 'ಅವೆಂಜರ್ಸ್: ಎಂಡ್‌ಗೇಮ್' ಸಿನಿಮಾದಲ್ಲಿ ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ಪ್ರಾಣ ಕೊಡುವುದರ ಬಗ್ಗೆಯೂ ಖಂಡಿತ ಕೇಳುತ್ತಾನೆ. ಅದಕ್ಕೇನು ಹೇಳಲಿ?

ಉತ್ತರ 3:
ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಹೆಚ್ಚಿನ ಪ್ರೀತಿಯಿಲ್ಲ ಎಂದು ಯೋಹಾನ 15ರಲ್ಲಿದೆ, ಅದನ್ನು ಧಾರಾಳವಾಗಿ ಒಪ್ಪಿಕೊಳ್ಳಿ. ಆಮೇಲೆ ರೋಮಾ 5:10 ತೆಗೆಸಿ. ನಾವು ದೇವರಿಗೆ ವೈರಿಗಳಾಗಿದ್ದಾಗಲೇ ಆತನ ಮಗನ ಮರಣದಿಂದ ಆತನೊಂದಿಗೆ ಸಮಾಧಾನವಾಯಿತು, ಎನ್ನುತ್ತದೆ ಅಲ್ಲಿ.