ತಹ್‌ದೀಗ್, ಕಶ್ಕ್, ಖೋರೆಶ್: ಊಟದ ಪಟ್ಟಿಗೆ ಕನ್ನಡ ಬೇಕು (ತುರ್ತು)

ಅನುವಾದಕಿ:
ಬಳಗದವರಿಗೆ ನಮಸ್ಕಾರ. ಬೆಂಗಳೂರಿನ ಹೋಟೆಲೊಂದರಲ್ಲಿ ಈ ಶನಿವಾರದಿಂದ ಪರ್ಷಿಯನ್ ಊಟದ ಮೇಳ. ಬ್ಯಾನರು, ಬಫೆ ಪಾತ್ರೆಗಳ ಮುಂದಿನ ಹೆಸರಿನ ಚೀಟಿ ಎರಡೂ ಕನ್ನಡದಲ್ಲಿ ಬೇಕು, ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗಬೇಕು. ಕಬಾಬು, ಪಲಾವು ತೊಂದರೆ ಕೊಟ್ಟಿಲ್ಲ. ತಹ್‌ದೀಗ್ ಹತ್ತಿರ ನಿಂತಿದ್ದೇನೆ. ಅಕ್ಕಿಯನ್ನು ಮುಕ್ಕಾಲು ಬೇಯಿಸಿ ಬಸಿಯುತ್ತಾರೆ. ಪಾತ್ರೆಯ ತಳಕ್ಕೆ ಎಣ್ಣೆ ಅಥವಾ ಬೆಣ್ಣೆ, ಸ್ವಲ್ಪ ಕೇಸರಿ ನೀರು ಬಿಟ್ಟು, ಅನ್ನ ತಿರುಗಿ ಹಾಕಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಸಣ್ಣ ಉರಿಯಲ್ಲಿ ದಮ್ ಕೊಡುತ್ತಾರೆ. ತಳದಲ್ಲಿ ಹೊಂಬಣ್ಣದ ಗಟ್ಟಿ ಪದರ ಕಟ್ಟುತ್ತದೆ. ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕಿದರೆ ಅದೇ ಮೇಲೆ ಬರುತ್ತದೆ, ಮನೆಮಂದಿ ಜಗಳ ಆಡುವುದೂ ಅದಕ್ಕೇ. ಹೋಟೆಲಿನವರು ಕೊಟ್ಟ ಕರಡಿನಲ್ಲಿ 'ಸೀದ ಅನ್ನ' ಎಂದಿದೆ. ಹಾಗೆ ಬರೆದಿಟ್ಟರೆ ಯಾರು ಹಾಕಿಸಿಕೊಳ್ಳುತ್ತಾರೆ? ಕಶ್ಕ್, ಖೋರೆಶ್ (ಅನ್ನಕ್ಕೆ ಕಲಸಿಕೊಳ್ಳುವ ಸಾರು-ಗೊಜ್ಜಿನಂಥವು) ಕೂಡ ಬಾಕಿ ಇವೆ.

ಮಂಡ್ಯದವ:
ನಮ್ಮ ಕಡೆ ಸೀಕು ಅಂತೀವಿ. ಮುದ್ದೆ ಪಾತ್ರೆಯ ತಳದಲ್ಲಿ ಹತ್ತಿಕೊಂಡಿದ್ದನ್ನು ಕೆರೆದು ತಿನ್ನೋದು ಮಕ್ಕಳ ಹಕ್ಕು. ಇನ್ನೇನು ಬೇಕು?

ಅಚ್ಚಗನ್ನಡಿಗ:
ಸೀಕು ಎನ್ನುವುದು ಕೆಟ್ಟದ್ದರ ಹೆಸರು. 'ತಳಗರಿ' ಎಂದು ಕಟ್ಟಿ. ತಳ + ಗರಿ, ಎರಡೂ ಕನ್ನಡವೇ. ಹೆಸರೇ ಅಡುಗೆಯನ್ನು ಹೇಳುತ್ತದೆ.

ನಿಘಂಟು ಮೇಷ್ಟ್ರು:
ಗರಿಗರಿ ಅನುಕರಣ ಪದ. ಅರ್ಧ ಕಿತ್ತರೆ ಉಳಿಯುವುದು ಪುಕ್ಕ. ಹಕ್ಕಿಯ ಮಾಂಸವೆಂದುಕೊಂಡು ಸಸ್ಯಾಹಾರಿಗಳು ಆ ಪಾತ್ರೆಯ ಹತ್ತಿರ ಬರುವುದಿಲ್ಲ.

ಅನುವಾದಕಿ:
ಮೇಷ್ಟ್ರೇ, ಹಾಗಾದರೆ ಏನು ಬರೆಯಲಿ?

ನಿಘಂಟು ಮೇಷ್ಟ್ರು:
ತಹ್‌ದೀಗ್ ಎಂದೇ ಬರೆಯಿರಿ. ಕೆಳಗೆ ಚಿಕ್ಕ ಅಕ್ಷರದಲ್ಲಿ 'ಪಾತ್ರೆಯ ತಳದಲ್ಲಿ ಗರಿಗರಿಯಾಗಿ ಕಟ್ಟಿದ ಕೇಸರಿ ಅನ್ನ'. ತಹ್ ಎಂದರೆ ತಳ, ದೀಗ್ ಎಂದರೆ ಪಾತ್ರೆ, ಅವರ ಹೆಸರೂ ಅಷ್ಟೇ ಹೇಳುವುದು. ನೆಲಮಾಳಿಗೆಗೆ ತಹಖಾನೆ ಎನ್ನುವಲ್ಲಿ ಇರುವುದೂ ಇದೇ ತಹ್. ತಹಶೀಲ್ದಾರರನ್ನು ಮಾತ್ರ ಇದಕ್ಕೆ ಎಳೆಯಬೇಡಿ, ಆ ತಹಶೀಲು ಅರಬ್ಬಿ. ಕಳೆದ ಸಲ ಯಾರೋ ಎಳೆದಿದ್ದರು.

ಅಚ್ಚಗನ್ನಡಿಗ:
ಇದೇ ನಮ್ಮ ಸೋಲು. ಪ್ರತಿ ದಾಳಿಕೋರ ಪದಕ್ಕೂ ಬಾಗಿಲು ತೆಗೆದು ಮಣೆ ಹಾಕುತ್ತೇವೆ. ಆಂಡಯ್ಯ ಇಡೀ ಕಾವ್ಯವನ್ನೇ ಸಂಸ್ಕೃತವಿಲ್ಲದೆ ಬರೆದ. ನಮಗೆ ಒಂದು ಅನ್ನಕ್ಕೆ ಹೆಸರಿಡಲು ಆಗುವುದಿಲ್ಲವೇ?

ಬೀದರಿನವ:
ಆಂಡಯ್ಯ ತದ್ಭವಗಳನ್ನು ಧಾರಾಳವಾಗಿ ಬಳಸಿದ್ದಾನೆ ಸಾರ್, ಅದನ್ನೂ ಹೇಳಿ. ಇನ್ನು ಬಾಗಿಲು ಹಾಕುವ ಮಾತಿಗೆ ತುಸು ತಡವಾಯಿತು. ನಮ್ಮೂರಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಂದದ್ದು ಇರಾನಿನ ಗೀಲಾನಿನಿಂದ. ಈ ಪಟ್ಟಿಯಲ್ಲಿ ಫೆಸೆಂಜಾನ್ ಇದ್ದರೆ (ಇರಲೇಬೇಕು, ಇಲ್ಲದಿದ್ದರೆ ಅದು ಮೇಳವೇ ಅಲ್ಲ) ಅದೂ ಆ ಗೀಲಾನಿನ ಕಡೆ ಹೆಸರಾದ ಅಡುಗೆ. ಅಕ್ರೋಟು ಅರೆದು, ದಾಳಿಂಬೆ ರಸ ಕಾಯಿಸಿದ ಪಾಕ ಸೇರಿಸಿ, ಎಣ್ಣೆ ಮೇಲೆ ತೇಲುವ ತನಕ ಕುದಿಸಿದ್ದು. ಬಾತುಕೋಳಿಯದ್ದೋ ಕೋಳಿಯದ್ದೋ. ಹುಳಿ-ಸಿಹಿ ಗೊಜ್ಜು ಅಂದರೆ ಕನ್ನಡದವರಿಗೆ ತಟ್ಟನೆ ತಿಳಿಯುತ್ತದೆ.

ನಿಘಂಟು ಮೇಷ್ಟ್ರು:
ಅಚ್ಚಗನ್ನಡಿಗರು 'ದಾಳಿಕೋರ' ಎಂದು ಬರೆದಿದ್ದಾರೆ. ಆ 'ಕೋರ' ಫಾರಸಿಯ ಖೋರ್, ತಿನ್ನುವವನು ಎಂದರ್ಥ. ಅನುವಾದಕಿ ಕೇಳಿದ ಖೋರೆಶ್ ಕೂಡ ಅದೇ ಧಾತುವಿನಿಂದ ಬಂದದ್ದು. ಲಂಚಕೋರ, ಬಂಡುಕೋರ, ಚಾಡಿಕೋರ ಎಲ್ಲ ಅದೇ ಪಂಕ್ತಿ. ಬಾಡಿಗೆದಾರ, ಪಾಲುದಾರರ 'ದಾರ'ವೂ ಅಲ್ಲಿಯದೇ. ಪದ ಬಂದರೆ ಅತಿಥಿ ಎನ್ನಬಹುದು. ಪ್ರತ್ಯಯವೇ ಬಂದು, ಕನ್ನಡದ ಬಾಡಿಗೆ-ಬಂಡುಗಳಿಗೆ ಅಂಟಿಕೊಂಡು ಹೊಸ ಮಾತು ಹುಟ್ಟಿಸುತ್ತಿದ್ದರೆ ಅದು ಮನೆಯವನೇ.

ಬದನೆವಾದಿ:
ಯಾರೂ ಮುಖ್ಯ ವಿಷಯ ಹೇಳುತ್ತಿಲ್ಲ. ಪಟ್ಟಿಯಲ್ಲಿ ಕಶ್ಕೆ ಬಾದೆಮ್‌ಜಾನ್ ಇದೆಯಲ್ಲ? ಬಾದೆಮ್‌ಜಾನ್ ನಮ್ಮ ಬದನೆ! ತಮಿಳಿನ ವೞುದುಣೈ, ಕನ್ನಡದ ಬದನೆ, ಸಂಸ್ಕೃತದ ವಾತಿಂಗಣ ಒಂದಾದ ಮೇಲೊಂದು ನೋಡಿ. ಫಾರಸಿಗೆ ಹೋಗಿ, ಅರಬ್ಬಿಯಲ್ಲಿ ಬಾದಿಂಜಾನ್ ಆಗಿ, ಸ್ಪೇನಿನಲ್ಲಿ ಬೆರೆನ್ಹೇನಾ ಆಯಿತು. ನಾವು ಸಾಲ ಕೊಟ್ಟವರು, ತೆಗೆದುಕೊಂಡವರಲ್ಲ.

ನಿಘಂಟು ಮೇಷ್ಟ್ರು:
ಫಾರಸಿಯಿಂದ ಸ್ಪೇನಿನವರೆಗಿನ ದಾರಿ ಸರಿ. ಮೊದಲ ಹೆಜ್ಜೆ ನಿಮ್ಮ ಆಸೆ. ಅದಕ್ಕೆ ಬೇರೆ ಎಳೆ ತೆಗೆಯಿರಿ.

ಅನುವಾದಕಿ:
ಬದನೆಕಾಯಿಗೆ ಬದನೆಕಾಯಿ ಎಂದೇ ಬರೆಯುತ್ತೇನೆ ಸಾರ್, ಚಿಂತೆ ಬಿಡಿ. ಕಶ್ಕ್?

ಅಡುಗೆಮನೆಯಿಂದ:
ಮೊಸರು ಅಂತ ಮಾತ್ರ ಬರೆಯಬೇಡಿ. ಮಜ್ಜಿಗೆ ಕುದಿಸಿ, ನೀರು ಸೋಸಿ, ಉಳಿದದ್ದನ್ನು ಉಂಡೆ ಕಟ್ಟಿ ಒಣಗಿಸಿಟ್ಟುಕೊಳ್ಳುವ ವಸ್ತು ಅದು. ಬೇಕೆಂದಾಗ ನೀರಲ್ಲಿ ಕದಡಿ ಬಳಸೋದು. ಉಪ್ಪುಪ್ಪಾಗಿ, ಗಡುಸು ಹುಳಿಯಾಗಿ ಇರುತ್ತೆ. 'ಒಣಮಜ್ಜಿಗೆ' ಅಂದರೆ ಸಾಕಲ್ಲ? ಕಲ್ಪನೆಗೆ ಹತ್ತಿರ ಇದೆ. ಘೋರ್ಮೆ ಸಬ್ಜಿಗೆ ದಯವಿಟ್ಟು 'ತರಕಾರಿ ಸಾಗು' ಎಂದು ಹಾಕಬೇಡಿ. ಅಲ್ಲಿ ಸಬ್ಜಿ ಎಂದರೆ ಸೊಪ್ಪು. ಮೆಂತ್ಯ, ಕೊತ್ತಂಬರಿ, ಪಾರ್ಸ್ಲಿಗಳನ್ನು ಎಣ್ಣೆಯಲ್ಲಿ ಕಪ್ಪಾಗುವಷ್ಟು ಬಾಡಿಸಿ, ರಾಜ್ಮಾ, ಕುರಿಮಾಂಸ, ಒಣಗಿದ ಇಡೀ ನಿಂಬೆಹಣ್ಣು ಹಾಕಿ ಗಂಟೆಗಟ್ಟಲೆ ಬೇಯಿಸೋದು. 'ಮಾಂಸದ ಸೊಪ್ಪುಸಾರು' ಅಂದರೆ ನನಗೆ ಒಪ್ಪಿಗೆ. ಮಸ್ಸೊಪ್ಪು ಅಂದರೆ ಸಸ್ಯಾಹಾರಿಗಳು ಮೋಸ ಹೋಗ್ತಾರೆ.

ವೈದ್ಯರೊಬ್ಬರು:
ಜೆರೆಶ್ಕ್ ಪಲಾವಿನ ಕೆಂಪು ಹುಳಿಹಣ್ಣಿಗೆ 'ದಾರುಹರಿದ್ರ ಫಲ' ಬಳಸಬಹುದು. ಒಂದೇ ಕುಲದ ಗಿಡ.

ಮಂಡ್ಯದವ:
ಊಟದ ಪಟ್ಟಿನಾ, ಕಷಾಯದ ಪಟ್ಟಿನಾ?

ಬೀದರಿನವ:
ಬ್ಯಾನರಿನಲ್ಲಿ 'ಪಾರಸಿ' ಎಂದು ಬರೆಯುವ ಯೋಚನೆ ಇದ್ದರೆ ಬಿಡಿ, ಮುಂಬಯಿ ಪಾರ್ಸಿಗಳ ಧನ್‌ಸಾಕ್ ಹುಡುಕಿಕೊಂಡು ಬರುತ್ತಾರೆ. 'ಇರಾನಿ' ಎಂದರೆ ಚಹಾ, ಬನ್ ಮಸ್ಕಾ ಕೇಳುತ್ತಾರೆ. 'ಇರಾನ್ ದೇಶದ ಊಟ' ಎಂದುಬಿಡಿ. 1935ರಲ್ಲಿ ಅವರೇ ಹೊರದೇಶಗಳಿಗೆಲ್ಲ ಇರಾನ್ ಎಂದು ಕರೆಯಿರಿ ಎಂದು ಕೇಳಿಕೊಂಡಿದ್ದರು.

ಅನುವಾದಕಿ:
ಕಳಿಸಿಬಿಟ್ಟೆ. 'ಇರಾನ್ ದೇಶದ ಊಟದ ಮೇಳ', ತಹ್‌ದೀಗ್ ಹಾಗೇ ಇದೆ, ಕೆಳಗೆ ಮೇಷ್ಟ್ರ ಸಾಲು. ಕಶ್ಕೆ ಬಾದೆಮ್‌ಜಾನ್: 'ಒಣಮಜ್ಜಿಗೆ ಹಾಕಿದ ಬದನೆಕಾಯಿ ಗೊಜ್ಜು'. ಖೋರೆಶ್ ಎಲ್ಲಕ್ಕೂ ಒಂದೇ ಹೆಸರು ಹೊಂದಲಿಲ್ಲ. ತೆಳ್ಳಗಿದ್ದದ್ದಕ್ಕೆ ಸಾರು, ಮಂದವಾಗಿದ್ದದ್ದಕ್ಕೆ ಗೊಜ್ಜು. ದೂಗ್‌ಗೆ ಯಾರನ್ನೂ ಕೇಳದೆ 'ಪುದೀನ ಮಜ್ಜಿಗೆ' ಎಂದೆ.

ಅಚ್ಚಗನ್ನಡಿಗ:
ಪುದೀನವೂ ಫಾರಸಿ ಎಂದು ಮೇಷ್ಟ್ರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಆದರೆ 'ಕೋರ' ಒಪ್ಪಲಾರೆ. ಅದು ಕೋರು ಎಂಬ ನಮ್ಮ ಧಾತುವಿನಿಂದ. ದಾಳಿಯನ್ನು ಕೋರುವವನು ದಾಳಿಕೋರ.

ನಿಘಂಟು ಮೇಷ್ಟ್ರು:
ಬಂಡುಕೋರ ಬಂಡಾಯಕ್ಕೆ ಅರ್ಜಿ ಬರೆದು ಕಾಯುತ್ತಾನೆಯೇ? ಸೌಕರ್ಯ ಕೋರಿ ಅರ್ಜಿ ಹಾಕಿದವರನ್ನು ಯಾವ ಕಚೇರಿಯಲ್ಲಿ ಸೌಕರ್ಯಕೋರ ಎನ್ನುತ್ತಾರೆ?

ಅಚ್ಚಗನ್ನಡಿಗ:
ಲಂಚಕೋರ ಲಂಚ ಕೋರುತ್ತಾನಲ್ಲ.

ಮಂಡ್ಯದವ:
ನಮ್ಮ ಕಡೆ ತಿಂತಾನೆ ಸಾರ್.