ಅನಾಲಿಟಿಕ್ಸ್ ಪಾಠಕ್ಕೆ ಮೆಟ್ಟಿಲು, ಮರ, ಚೌಕದ ಚಿತ್ರಗಳು: ನಿಮ್ಮ ಅನುಭವ ಹೇಳಿ

ಕೇಳಿದವರು:
ಎಂಬಿಎ ಮೊದಲ ವರ್ಷದವರಿಗೆ ಬಿಸಿನೆಸ್ ಅನಾಲಿಟಿಕ್ಸ್ ಪಾಠ ಮಾಡಬೇಕಿದೆ. ಅರ್ಧ ಕ್ಲಾಸಿಗೆ ಸ್ಟ್ಯಾಟಿಸ್ಟಿಕ್ಸ್ ಅಂದ್ರೆ ಭಯ. ಸಾಫ್ಟ್‌ವೇರ್ ತೆರೆಯೋ ಮೊದಲು ಬೋರ್ಡ್ ಮೇಲೆ ಸರಳ ಚಿತ್ರ ಬರೆದು ಶುರು ಮಾಡೋಣ ಅಂತಿದ್ದೇನೆ. ಮಾಡಿ ನೋಡಿದವರು ಹೇಳ್ತೀರಾ?

ಹಳೇ ಮೇಷ್ಟ್ರು:
ಅನಾಲಿಟಿಕ್ಸ್‌ನ ನಾಲ್ಕು ಮೆಟ್ಟಿಲಿನ ಚಿತ್ರ ನನ್ನ ಒಂದು ಸೆಮಿಸ್ಟರನ್ನೇ ತಿಂದುಹಾಕಿತು. ಏನಾಯ್ತು, ಯಾಕಾಯ್ತು, ಮುಂದೇನಾಗಬಹುದು, ಏನು ಮಾಡಬೇಕು. ಸಿಲೆಬಸ್‌ನಲ್ಲಿತ್ತು, ಬಿಡೋ ಹಾಗಿರಲಿಲ್ಲ. ಮೇಲಿನ ಮೆಟ್ಟಿಲೇ ದೊಡ್ಡದು ಅಂತ ಎಲ್ಲ ಟೀಮೂ ಪ್ರೆಡಿಕ್ಷನ್‌ಗೆ ಹಾರಿದವು. ಒಂದು ಟೀಮಿನ ಡೇಟಾದಲ್ಲಿ ಒಂದೇ ಗ್ರಾಹಕ ಮೂರು ಹೆಸರಲ್ಲಿದ್ದ, ವಾಪಸ್ ಬಂದ ಮಾಲೂ ಮಾರಾಟದಲ್ಲೇ ಸೇರಿತ್ತು. ಯಾರೂ ನೋಡಲಿಲ್ಲ. ಪ್ರಾಜೆಕ್ಟ್ ಪೂರ್ತಿ ಮತ್ತೆ ಮಾಡಿಸಬೇಕಾಯ್ತು, ಲ್ಯಾಬ್ ಅವಧಿ ಎಲ್ಲ ಹೋಯ್ತು, ಮಾರ್ಕ್ಸ್ ತಡ ಆಯ್ತು ಅಂತ ನನಗೇ ನೋಟಿಸ್ ಬಂತು. ಈಗ ಕ್ರಿಸ್ಪ್-ಡಿಎಂ ಚಕ್ರ, ಅಂದ್ರೆ ಡೇಟಾ ಪ್ರಾಜೆಕ್ಟ್ ಹಂತ ಹಂತವಾಗಿ ಮಾಡೋ ಕ್ರಮದ ಚಿತ್ರ, ಬಿಟ್ಟು ಬೇರೆ ಬರೆಯಲ್ಲ. ಅದರ ಆರು ಹಂತಗಳಲ್ಲಿ ಹಿಂದಕ್ಕೆ ಹೋಗೋ ಬಾಣಗಳೂ ಇವೆ.

ಮರದ ಕಡೆಯವಳು:
ಚಕ್ರ ಕೆಲಸದ ಕ್ರಮ ಹೇಳುತ್ತೆ ಸರ್, ವ್ಯಾಪಾರ ಕಲಿಸಲ್ಲ. ನಾನು ಮರ ಬರೆಸುತ್ತೇನೆ. ಮೇಲೆ ಮಾರಾಟ. ಕೆಳಗೆ ಮೂರು ಕೊಂಬೆ: ಗ್ರಾಹಕರು ಎಷ್ಟು, ಒಬ್ಬರು ಎಷ್ಟು ಸಲ ಕೊಳ್ಳುತ್ತಾರೆ, ಒಂದು ಬಿಲ್ ಸರಾಸರಿ ಎಷ್ಟು. ಮೂರನ್ನೂ ಗುಣಿಸಿದರೆ ಮೇಲಿನದು ಬರಬೇಕು. ಬರದಿದ್ದರೆ ಮರ ತಪ್ಪು, ಅದನ್ನ ನಾನು ಹೇಳಬೇಕಿಲ್ಲ. ಮಾರಾಟ ಇಳಿದಿದೆ, ಜಾಹೀರಾತು ಜಾಸ್ತಿ ಮಾಡಿ ಅಂತಿದ್ದ ಹುಡುಗನೇ ಅಂಕಿ ತುಂಬಿ ನೋಡಿದ. ಗ್ರಾಹಕರು ಹೆಚ್ಚಾಗಿದ್ದರು, ಬಿಲ್ ಸರಾಸರಿ ಬಿದ್ದಿತ್ತು. ನನಗೆ ಇವತ್ತಿಗೂ ಹೆಮ್ಮೆ.

ಹಳೇ ಮೇಷ್ಟ್ರು:
ಗುಣಾಕಾರಕ್ಕೆ ಬರದ ವಿಷಯ ಎಷ್ಟಿಲ್ಲ? ಗ್ರಾಹಕರಿಗೆ ಬೇಸರ ಆಗಿದ್ದನ್ನ ಯಾವ ಕೊಂಬೆಗೆ ಹಾಕ್ತೀರಿ?

ಮರದ ಕಡೆಯವಳು:
ಎಷ್ಟು ಸಲ ಕೊಳ್ಳುತ್ತಾರೆ ಅನ್ನೋದರ ಕೆಳಗೆ. ಮರ ಬರೆದು ನೋಡದೆ ಬೈಯಬೇಡಿ.

ಬ್ಯಾಂಕ್ ಕೆಲಸ ಬಿಟ್ಟು ಪಾಠಕ್ಕೆ ಬಂದವನು:
ಇಬ್ಬರೂ ಚೌಕ ಮರೆತಿರಿ. ಸಾವಿರ ಗ್ರಾಹಕರು, ಅದರಲ್ಲಿ 50 ಜನ ಬಿಟ್ಟುಹೋಗುವವರು. ‘ಯಾರೂ ಹೋಗಲ್ಲ’ ಅನ್ನೋ ಮಾಡೆಲ್ 95% ಸರಿ! ಎರಡು ಸಾಲು (ನಿಜಕ್ಕೂ ಹೋದರು, ಉಳಿದರು), ಎರಡು ಕಾಲಂ (ಹೋಗ್ತಾರೆ, ಉಳೀತಾರೆ ಅಂತ ಮಾಡೆಲ್ ಹೇಳಿದ್ದು) ಬರೆದು ಅಂಕಿ ತುಂಬಿಸಿ. ಹಿಡಿಯಬೇಕಿದ್ದ 50 ಜನರೂ ತಪ್ಪಿಹೋದ ಮನೆಯಲ್ಲಿ ಕಾಣ್ತಾರೆ. ಆಮೇಲೆ ಪ್ರತಿ ಮನೆಗೂ ನಷ್ಟ ಬರೆಸಿ. ಹೋಗದವರಿಗೆ ಸುಮ್ಮನೆ ಕಾಲ್ ಮಾಡಿದ್ದರ ಖರ್ಚು ಬೇರೆ, ಗ್ರಾಹಕ ಕೈಬಿಟ್ಟು ಹೋದ ನಷ್ಟ ಬೇರೆ. ಸ್ಟ್ಯಾಟಿಸ್ಟಿಕ್ಸ್ ಭಯ ಇದ್ದವರೇ ಇಲ್ಲಿ ಮೊದಲು ಮಾತಾಡುತ್ತಾರೆ.

ಗ್ರಾಫ್ ಪ್ರೇಮಿ:
ಡೇಟಾ ಚಿತ್ರವೇ ಇಲ್ಲದೆ ಇದೆಲ್ಲ ಯಾಕೆ? ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಕೊಟ್ಟ ನಾಲ್ಕು ಡೇಟಾ ಸೆಟ್ ತೋರಿಸಿ. ತಲಾ 11 ಬಿಂದು. ಸರಾಸರಿ, ಕೋರಿಲೇಶನ್ (ಎರಡು ಅಂಕಿ ಎಷ್ಟರ ಮಟ್ಟಿಗೆ ಜೊತೆಯಾಗಿ ಬದಲಾಗುತ್ತವೆ ಅನ್ನೋದು) ಹೆಚ್ಚುಕಡಿಮೆ ಒಂದೇ. ಗ್ರಾಫ್ ಬರೆದರೆ ಒಂದು ಬಾಗಿದೆ, ಇನ್ನೊಂದನ್ನ ಒಂದೇ ಬಿಂದು ಎಳೆದಿದೆ. ಪೈ ಚಾರ್ಟ್ ಮಾತ್ರ ಬೇಡ. ಕ್ಲೀವ್‌ಲ್ಯಾಂಡ್, ಮ್ಯಾಕ್‌ಗಿಲ್ ಅನ್ನೋ ಸಂಶೋಧಕರು 1984ರಲ್ಲೇ ತೋರಿಸಿದ್ದಾರೆ, ಕೋನಕ್ಕಿಂತ ಒಂದೇ ಅಳತೆಗೆರೆ ಮೇಲಿನ ಜಾಗವನ್ನ ಕಣ್ಣು ಸರಿಯಾಗಿ ಅಳೆಯುತ್ತೆ.

ಬ್ಯಾಂಕ್ ಕೆಲಸ ಬಿಟ್ಟು ಪಾಠಕ್ಕೆ ಬಂದವನು:
ಎರಡೇ ಪಾಲು ಇದ್ದಾಗ ಪೈ ಚೆನ್ನಾಗೇ ಕೆಲಸ ಮಾಡುತ್ತೆ. ಅದಕ್ಕೂ ನಿಷೇಧ ಯಾಕೆ?

ಗ್ರಾಫ್ ಪ್ರೇಮಿ:
ಎರಡೇ ಪಾಲಿದ್ದರೆ ಒಂದು ವಾಕ್ಯ ಸಾಕು, ಚಿತ್ರ ಬೇಕಿಲ್ಲ.

ಕೇಳಿದವರು:
ಪೈ ಚಾರ್ಟ್ ಆಮೇಲೆ ನೋಡೋಣ. ಮೊದಲ ಕ್ಲಾಸಿಗೆ ಯಾವುದು?

ಮರದ ಕಡೆಯವಳು:
ಮರ. ನೀವು ಬರೆದು ಕೊಡಬೇಡಿ, ಖಾಲಿ ಹಾಳೆ ಕೊಡಿ.

ಹಳೇ ಮೇಷ್ಟ್ರು:
ಖಾಲಿ ಹಾಳೆ ಅನ್ನೋದನ್ನ ಮಾತ್ರ ಒಪ್ಪುತ್ತೇನೆ. ಮರವನ್ನಲ್ಲ.