ತಾರಸ್ಥಾಯಿಗೆ ಹೋದರೆ ದನಿ ಒಡೆಯುತ್ತದೆ. ಸಾಧನೆ ಸಾಲದಾ?

ಕೇಳಿದವರು: ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರ್. ವಯಸ್ಸು 38. ಹಾಡಬೇಕು ಅನ್ನುವ ಆಸೆ ಚಿಕ್ಕಂದಿನಿಂದಲೂ ಇತ್ತು, ಕಲಿಯುವ ಅನುಕೂಲ ಇರಲಿಲ್ಲ. ಎರಡು ವರ್ಷದ ಹಿಂದೆ ಮಗಳನ್ನು ಸಂಗೀತದ ಕ್ಲಾಸಿಗೆ ಹಾಕಿದಾಗ ನಾನೂ ಸೇರಿಕೊಂಡೆ. ಸರಳೆ, ಜಂಟಿ, ದಾಟು, ಅಲಂಕಾರ ಅಂತ ಮೊದಮೊದಲ ಸ್ವರಪಾಠಗಳೆಲ್ಲ ಮುಗಿದು ಗೀತೆಗಳೂ ಆದವು. ಈಗ ಮೋಹನ ರಾಗದ ವರ್ಣ (ಗೀತೆಗಳಾದ ಮೇಲೆ ಕಲಿಸುವ ದೊಡ್ಡ ರಚನೆ) ನಡೆಯುತ್ತಿದೆ.

ಕ್ಲಾಸಿನಲ್ಲಿ ಹದಿನಾಲ್ಕು ಜನ. ನನ್ನನ್ನು ಬಿಟ್ಟರೆ ಎಲ್ಲರೂ ಮಕ್ಕಳೇ. ಶ್ರುತಿಪೆಟ್ಟಿಗೆ ಯಾವಾಗಲೂ ಐದೂವರೆ ಮನೆಯಲ್ಲಿ ಇರುತ್ತದೆ (ಮನೆ ಅಂದರೆ 'ಸ' ಎಷ್ಟು ಎತ್ತರದಲ್ಲಿ ಅನ್ನುವ ಲೆಕ್ಕ, ಸಂಖ್ಯೆ ಹೆಚ್ಚಿದಷ್ಟೂ ಶ್ರುತಿ ಮೇಲೆ). ಮಧ್ಯಸ್ಥಾಯಿಯಲ್ಲಿ ನನಗೆ ತೊಂದರೆ ಇಲ್ಲ. ತಾರ ಷಡ್ಜ, ಅಂದರೆ ಮೇಲಿನ ಸ್ಥಾಯಿಯ 'ಸ', ಹೇಗೋ ಹಿಡಿಯುತ್ತೇನೆ. ಅಲ್ಲಿಂದ ರಿಷಭ (ರಿ), ಗಾಂಧಾರ (ಗ) ಅನ್ನುವಷ್ಟರಲ್ಲಿ ಕುತ್ತಿಗೆಯ ನರ ಉಬ್ಬುತ್ತದೆ, ಗದ್ದ ತಾನಾಗಿ ಮೇಲೇಳುತ್ತದೆ, ದನಿ ಒಡೆದುಹೋಗುತ್ತದೆ. ಮನೆಗೆ ಬಂದ ಮೇಲೆ ರಾತ್ರಿವರೆಗೂ ಗಂಟಲು ಕೆರೆತ. ಮಾರನೇ ದಿನ ಶಾಲೆಯ ಪ್ರಾರ್ಥನೆಗೆ ದನಿಯೇ ಹೊರಡುವುದಿಲ್ಲ.

'ಗಂಟಲು ಬಿಟ್ಟು ಹಾಡಿ, ಸಾಧನೆ ಸಾಲದು' ಅಂತ ಮೇಷ್ಟ್ರು ಹೇಳಿದರು. ಅದಕ್ಕೇ ಒಂದು ತಿಂಗಳಿಂದ ಬೆಳಗ್ಗೆ ಐದಕ್ಕೆ ಎದ್ದು ಆ ತಾರ ಗಾಂಧಾರವನ್ನೇ ಮೂವತ್ತು ಸಲ ಹಾಡುತ್ತಿದ್ದೇನೆ. ಮೊದಲಿಗಿಂತ ಜಾಸ್ತಿ ಕೆಟ್ಟಿದೆ. ಜೇನು, ಕಾಳುಮೆಣಸು, ಅತಿಮಧುರ ಎಲ್ಲ ಆಯಿತು. ಈ ವಯಸ್ಸಿನಲ್ಲಿ ದನಿ ಪಳಗುವುದಿಲ್ಲವಾ? ದಯವಿಟ್ಟು ಗೊತ್ತಿರುವವರು ಹೇಳಿ.

ಉತ್ತರ 1: ನಾದಪ್ರಿಯ, ತುಮಕೂರು

ಬಿಡಬೇಡಿ ಮೇಡಂ. ನಮ್ಮ ತಾತ ಹರಿಕಥೆ ಮಾಡುತ್ತಿದ್ದರು. ಚಳಿಗಾಲದಲ್ಲಿ ಕೆರೆಯಲ್ಲಿ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಕೂಗಿ ಸಾಧನೆ ಮಾಡಿದ್ದರಂತೆ. ಮೈಕಿಲ್ಲದೆ ಜಾತ್ರೆಯ ಕೊನೆಯ ಸಾಲಿಗೂ ಅವರ ದನಿ ಕೇಳುತ್ತಿತ್ತು. ಗಂಟಲು ಒಡೆದು ಒಡೆದೇ ಗಟ್ಟಿಯಾಗುವುದು. ಇನ್ನೊಂದು ಆರು ತಿಂಗಳು ಹಾಗೇ ಮುಂದುವರಿಸಿ.

ಉತ್ತರ 2: ತಂಬೂರಿ, ಮೈಸೂರು

ಹೇಮಾವತಿ ಮೇಡಂ, ಬೆಳಗ್ಗೆ ಎದ್ದು ಗಾಂಧಾರವನ್ನು ಮೂವತ್ತು ಸಲ ಹಾಡುವುದನ್ನು ನಾಳೆಯಿಂದಲೇ ನಿಲ್ಲಿಸಿ. ನಿಮ್ಮ ಸಾಧನೆ ಕಮ್ಮಿಯಾಗಿಲ್ಲ. ಶ್ರುತಿ ನಿಮ್ಮದಲ್ಲ, ಅಷ್ಟೇ.

ತುಮಕೂರಿನ ಸರ್, ನಿಮ್ಮ ತಾತನವರ ಮೇಲೆ ನನಗೆ ಗೌರವ ಇದೆ. ಆದರೆ ಗಂಟಲು ಒಡೆದು ಗಟ್ಟಿಯಾಗುವುದಿಲ್ಲ. ಒಡೆದರೆ ಗಂಟು ಕಟ್ಟುತ್ತದೆ. ನನಗೆ ಕಟ್ಟಿತ್ತು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನನಗೀಗ 57. ಇಪ್ಪತ್ತೇಳು ವರ್ಷದಿಂದ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದೇನೆ. ನನ್ನ ಗುರುಗಳು ಆರು ಮನೆಗೆ ಹಾಡುತ್ತಿದ್ದರು, ಹಾಗಾಗಿ ನಾನೂ ಆರಕ್ಕೇ ಹಾಡುತ್ತಿದ್ದೆ. ಬೇರೆ ಶ್ರುತಿ ಕೇಳುವುದು ಅವಮಾನ ಅನ್ನಿಸುತ್ತಿತ್ತು. 34ನೇ ವಯಸ್ಸಿನಲ್ಲಿ, ಮದುವೆ ಸೀಸನ್ನಿನಲ್ಲಿ ಸಾಲಾಗಿ ನಾಲ್ಕು ಕಚೇರಿ ಮುಗಿಸಿ ಬಂದ ಮರುದಿನ, ತಂಬೂರಿ ಮೀಟಿ ಷಡ್ಜ ಹಿಡಿದರೆ ಬರೀ ಗಾಳಿ ಬಂತು. ಎರಡೂ ಧ್ವನಿ ತಂತುಗಳ ಮೇಲೆ ಚಿಕ್ಕ ಚಿಕ್ಕ ಗಂಟು ಎದ್ದಿದ್ದವು. ಮೂರು ತಿಂಗಳು ಹಾಡಲಿಲ್ಲ. ಧ್ವನಿ ಚಿಕಿತ್ಸೆ ತೆಗೆದುಕೊಂಡು ಸರಳೆಯಿಂದ ಮತ್ತೆ ಶುರು ಮಾಡಿದೆ. ಅಂದಿನಿಂದ ನಾನು ನಾಲ್ಕೂವರೆ ಮನೆಗೆ ಹಾಡುತ್ತೇನೆ.

ದನಿ ಹೇಗೆ ಏರುತ್ತದೆ ಅಂತ ನನಗೆ ಅರ್ಥವಾಗಿದ್ದು ಆಗಲೇ. ಹೆಂಗಸರ ಧ್ವನಿ ತಂತು ಒಂದೂವರೆ ಸೆಂಟಿಮೀಟರ್ ಆಸುಪಾಸು ಇರುತ್ತದೆ, ಅಂದರೆ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ. ಒಳಗಿನಿಂದ ಬರುವ ಗಾಳಿಗೆ ಎರಡು ತಂತುಗಳು ಬಿಚ್ಚಿ ಮುಚ್ಚಿ ಮಾಡುತ್ತವೆ. ಐದೂವರೆ ಮನೆಯ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 208 ಸಲ. ತಾರ ಷಡ್ಜಕ್ಕೆ ಅದರ ಎರಡರಷ್ಟು. ನೀವು ಗುದ್ದಾಡುತ್ತಿರುವ ತಾರ ಗಾಂಧಾರಕ್ಕೆ ಸುಮಾರು 520 ಸಲ. ಅದೇ ವರ್ಣವನ್ನು ನಾಲ್ಕು ಮನೆಗೆ ಇಳಿಸಿದರೆ ಗಾಂಧಾರ ಸುಮಾರು 440ಕ್ಕೆ ಬರುತ್ತದೆ. ನೀವು ಈಗ ಹೇಗೋ ಹಿಡಿಯುವ ತಾರ ಷಡ್ಜಕ್ಕಿಂತ ಅರ್ಧ ಮನೆ ಮಾತ್ರ ಮೇಲೆ. ರಾಗ ಅದೇ, ವರ್ಣ ಅದೇ.

ಇನ್ನೊಂದು ವಿಷಯ. ತಂಬೂರಿಯ ತಂತಿ ಏರಬೇಕಾದರೆ ಬಿರಡೆ ತಿರುಗಿಸಿ ಬಿಗಿ ಮಾಡುತ್ತೇವೆ. ಜೋರಾಗಿ ಮೀಟಿದರೆ ಸದ್ದು ದೊಡ್ಡದಾಗುತ್ತದೆ, ಶ್ರುತಿ ಏರುವುದಿಲ್ಲ. ಗಂಟಲಲ್ಲೂ ಹೆಚ್ಚು ಕಡಿಮೆ ಹಾಗೇ. ಮೇಲಿನ ಸ್ವರಕ್ಕೆ ತಂತು ಉದ್ದಕ್ಕೆ ಎಳೆದುಕೊಂಡು ತೆಳ್ಳಗಾಗಬೇಕು. ಅದಕ್ಕೇ ಅಂತ ಧ್ವನಿಪೆಟ್ಟಿಗೆಯಲ್ಲಿ ಪುಟ್ಟ ಸ್ನಾಯುಗಳಿವೆ. ನೀವು ಮಾಡುತ್ತಿರುವುದು ದಪ್ಪ ತಂತುವನ್ನು ದಪ್ಪವಾಗಿಯೇ ಇಟ್ಟುಕೊಂಡು ಕೆಳಗಿನಿಂದ ಗಾಳಿ ತಳ್ಳುವುದು. ಎರಡು ತಂತು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಸಾಯಂಕಾಲದ ಕೆರೆತ ಅದೇ.

ಈಗ ಒಂದು ಪರೀಕ್ಷೆ ಮಾಡಿ. ಕಣ್ಣಾಮುಚ್ಚಾಲೆ ಆಡುವಾಗ ಬಚ್ಚಿಟ್ಟುಕೊಂಡ ಮಕ್ಕಳು 'ಕೂ' ಅನ್ನುತ್ತಾರಲ್ಲ, ಹಾಗೆ ಮೆತ್ತಗೆ, ತೆಳ್ಳಗೆ 'ಕೂ' ಅನ್ನಿ. ಎರಡು ಬೆರಳು ಗಂಟಲಮಣಿಯ ಮೇಲೆ ಇಟ್ಟುಕೊಳ್ಳಿ. ನರ ಉಬ್ಬಿತಾ? ಗದ್ದ ಎದ್ದಿತಾ? ಇಲ್ಲ ಅಲ್ವಾ? ಆ 'ಕೂ' ಯಾವ ಸ್ವರ ಅಂತ ಹಾರ್ಮೋನಿಯಂನಲ್ಲಿ ಹುಡುಕಿ ನೋಡಿ. ನಿಮ್ಮ ಗಾಂಧಾರಕ್ಕಿಂತ ಮೇಲೆಯೇ ಇದ್ದರೂ ಇರಬಹುದು. ಆ ಸ್ವರ ಹೊರಡಿಸುವ ಶಕ್ತಿ ನಿಮ್ಮ ಗಂಟಲಲ್ಲಿ ಇದೆ. ಅದು ಇನ್ನೂ ಸಣ್ಣ, ಮೆದು ದನಿ. ಅದನ್ನೇ ನಿಧಾನವಾಗಿ ಬೆಳೆಸಬೇಕು.

ಶ್ರುತಿ ಹುಡುಕುವುದು ಹೇಗೆ ಅಂದರೆ, ಬೆಳಗ್ಗೆ ಎದ್ದ ತಕ್ಷಣ ಬೇಡ, ಭಾನುವಾರ ಹತ್ತು ಗಂಟೆ ಹೊತ್ತಿಗೆ ಕೂತುಕೊಳ್ಳಿ. ನಾಲ್ಕು ಮನೆಯ ಷಡ್ಜ ಇಟ್ಟುಕೊಂಡು ಮಂದ್ರ ಪಂಚಮಕ್ಕೆ, ಅಂದರೆ ಕೆಳಗಿನ ಸ್ಥಾಯಿಯ 'ಪ'ಕ್ಕೆ ಇಳಿಯಿರಿ. ಅದು ಗೊರಗೊರ ಅನ್ನದೆ ಸ್ಪಷ್ಟವಾಗಿ ಕೇಳಬೇಕು. ಆಮೇಲೆ ತಾರ ಸ್ಥಾಯಿಗೆ ಮೆತ್ತಗೆ ಹೋಗಿ. ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಒಂದಲ್ಲ ಒಂದು ದಿನ ಆರಾಮಾಗಿ ಓಡಾಡಬಲ್ಲೆ ಅನ್ನಿಸುವ ಶ್ರುತಿಯೇ ನಿಮ್ಮದು. ನಾಲ್ಕು, ನಾಲ್ಕೂವರೆ, ಮೂರು, ಎಷ್ಟಾದರೂ ಆಗಲಿ.

ಸಾಧನೆಗೆ ಎಳನೀರು ಕುಡಿಯುವ ಸ್ಟ್ರಾ ಒಂದು ತೆಗೆದುಕೊಳ್ಳಿ. ಲೋಟದಲ್ಲಿ ಎರಡು ಬೆರಳು ನೀರು. ಸ್ಟ್ರಾ ಅದರಲ್ಲಿ ಅದ್ದಿ, ತುಟಿ ಬಿಗಿಹಿಡಿದು, ಒಳಗೆ 'ಊ' ಅನ್ನುತ್ತಾ ಊದಿ. ಗುಳ್ಳೆ ಒಂದೇ ಸಮ ಬರಬೇಕು. ಹಾಗೇ ದನಿಯನ್ನು ಜಾರುಬಂಡೆಯ ಥರ ಕೆಳಗಿನಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಜಾರಿಸಿ. ಬಾಯಿ ಹತ್ತಿರ ಗಾಳಿಗೆ ತಡೆ ಇರುವುದರಿಂದ ತಂತುಗಳ ಮೇಲೂ ಹಿಂದಕ್ಕೆ ಸ್ವಲ್ಪ ಒತ್ತಡ ಬರುತ್ತದೆ, ಬಡಿತ ಮೆತ್ತಗಾಗುತ್ತದೆ. ಮೂರು ನಿಮಿಷ ಸಾಕು. ಆಮೇಲೆ ಮಾಯಾಮಾಳವಗೌಳ ರಾಗದ ಸರಳೆಯನ್ನು ಬಾಯಿ ಮುಚ್ಚಿ 'ಮ್' ಅಂತ, ಆಮೇಲೆ 'ಊ' ಅಂತ, ಕೊನೆಗೆ ಆಕಾರದಲ್ಲಿ, ಅಂದರೆ 'ಆ' ಅಂತ ಹಾಡಿ. ಮೇಲೆ ಹೋದಂತೆ ದವಡೆ ಕೆಳಗೆ ಬಿಡಿ. ಹಲ್ಲು ಕಚ್ಚಿಕೊಂಡು ಆಕಾರ ಬರುವುದಿಲ್ಲ. ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಸಲ. ಒಂದೇ ಸಲ ಒಂದು ಗಂಟೆ ಎಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ಉಸಿರಿನ ಬಗ್ಗೆ ಎಲ್ಲರೂ 'ನಾಭಿಯಿಂದ ಹಾಡಿ' ಅಂತಾರೆ, ಹೇಗೆ ಅಂತ ಹೇಳುವುದಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ. ಹೊಟ್ಟೆಯ ಮೇಲೆ ನಿಮ್ಮ ಶಾಲೆಯ ಒಂದು ಪಠ್ಯಪುಸ್ತಕ ಇಟ್ಟುಕೊಳ್ಳಿ. ಉಸಿರು ತೆಗೆದಾಗ ಪುಸ್ತಕ ಏಳಬೇಕು, ಭುಜ ಅಲ್ಲಾಡಬಾರದು. 'ಸ್' ಅಂತ ಬಿಡುತ್ತಾ ಹದಿನೈದು ಸೆಕೆಂಡ್ ಒಂದೇ ಸಮ ಇಳಿಸಿ. ತುಂಬಾ ಗಾಳಿ ತುಂಬಿಕೊಳ್ಳುವುದು ಮುಖ್ಯವಲ್ಲ, ಹದವಾಗಿ ಬಿಡುವುದು ಮುಖ್ಯ.

ಉತ್ತರ 3: ಮಾತಿನಮನೆ, ಬೆಂಗಳೂರು

ನಾನು ಸ್ಪೀಚ್ ಥೆರಪಿಸ್ಟ್. ಮೈಸೂರಿನ ಮೇಡಂ ಹೇಳಿದ್ದರ ಜೊತೆಗೆ ಒಂದೆರಡು ಮಾತು.

ಟೀಚರ್ ಆಗಿರುವುದರಿಂದ ನಿಮ್ಮ ಗಂಟಲು ಹಾಡುವ ಮೊದಲೇ ಆರು ಗಂಟೆ ದುಡಿದಿರುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಕ್ಕಳನ್ನು ಸುಮ್ಮನಿರಿಸಲು ಕೂಗಬೇಡಿ, ಚಪ್ಪಾಳೆ ತಟ್ಟಿ ಅಥವಾ ಮೇಜು ಬಡಿಯಿರಿ. ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಮೈಕು ಸಿಗುತ್ತದೆ, ಸಾಧ್ಯವಾದರೆ ತೆಗೆದುಕೊಳ್ಳಿ. ದನಿ ಕೂತಾಗ ಪಿಸುಮಾತು ಆಡಬೇಡಿ, ಅದು ವಿಶ್ರಾಂತಿಯಲ್ಲ. ಮೆತ್ತಗಿನ ಮಾಮೂಲಿ ದನಿ ಅದಕ್ಕಿಂತ ಒಳ್ಳೆಯದು. ಪದೇ ಪದೇ ಗಂಟಲು ಕ್ಯಾಕರಿಸುವುದೂ ಬೇಡ. ಒಂದು ಗುಟುಕು ನೀರು ನುಂಗಿ.

ಜೇನು, ಅತಿಮಧುರ ಬಾಯಿಗೆ ಹಿತ, ಆದರೆ ಅವು ಧ್ವನಿ ತಂತುಗಳನ್ನು ಮುಟ್ಟುವುದೇ ಇಲ್ಲ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ಅಲ್ಲಿಗೆ ಒಂದು ಹನಿ ಹೋದರೂ ನೆತ್ತಿಗೆ ಹತ್ತುತ್ತದಲ್ಲ? ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡಿದರೆ ಮೈಯೆಲ್ಲ ಹಾದು ತಂತುಗಳಿಗೂ ತೇವ ಸಿಗುತ್ತದೆ. ಬಿಸಿನೀರಿನ ಹಬೆ ಮಾತ್ರ ನೇರವಾಗಿ ತಲುಪುತ್ತದೆ.

ದನಿ ಗೊಗ್ಗರಾಗಿ ಮೂರು ವಾರ ದಾಟಿದ್ದರೆ ದಯವಿಟ್ಟು ಇಎನ್‌ಟಿ ಡಾಕ್ಟರಿಗೆ ತೋರಿಸಿ. ನಿಮ್ಮದು ಆಗಲೇ ಒಂದು ತಿಂಗಳಾಗಿದೆ. ಮೈಸೂರಿನ ಮಾನಸ ಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಿಮಗೆ ದೂರವೇನಲ್ಲ. ಚಿಕ್ಕ ಕ್ಯಾಮೆರಾ ಇಳಿಸಿ ತಂತು ನೋಡುತ್ತಾರೆ, ಹೆದರಬೇಡಿ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಅನ್ನುವವರು ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ, ಒಂದು ಕೈಗನ್ನಡಿ ಮತ್ತು ಬಿಸಿಲು ಇಟ್ಟುಕೊಂಡು ತಮ್ಮ ಧ್ವನಿ ತಂತು ಆಡುವುದನ್ನು ತಾವೇ ನೋಡಿಕೊಂಡರು. ಅವರು ಡಾಕ್ಟರಲ್ಲ, ಹಾಡು ಕಲಿಸುವ ಮೇಷ್ಟ್ರು. ಹಾಡುವವರು ತಮ್ಮ ಗಂಟಲನ್ನು ತಿಳಿದುಕೊಳ್ಳಬೇಕು ಅಂತ ನನಗೆ ಯಾವಾಗಲೂ ಅನ್ನಿಸುವುದು ಅದಕ್ಕೇ.

ಉತ್ತರ 4: ಖರಜ, ಹುಬ್ಬಳ್ಳಿ

ನಾನು ಹಿಂದೂಸ್ತಾನಿ ಕಲಿಯುವವನು. ನಮ್ಮಲ್ಲಿ ಬೆಳಗ್ಗೆ ಮೊದಲು ಮಂದ್ರ ಸಾಧನೆ. ಮಂದ್ರ ಷಡ್ಜದ ಕಡೆಗೆ ಒಂದೊಂದೇ ಸ್ವರ ಇಳಿದು, ಒಂದೊಂದರ ಮೇಲೂ ಉದ್ದಕ್ಕೆ ನಿಲ್ಲುವುದು. ಮೆತ್ತಗೆ ಹಾಡಬೇಕು, ಒತ್ತಿ ಒತ್ತಿ ಕೆಳಗೆ ತಳ್ಳಬಾರದು. ಅದೂ ಗಂಟಲಿಗೆ ಪೆಟ್ಟೇ.

ಶ್ರುತಿ ಇಳಿಸಿದರೆ ಮರ್ಯಾದೆ ಕಮ್ಮಿ ಅಂದುಕೊಳ್ಳಬೇಡ್ರಿ ಅಕ್ಕ. ನಮ್ಮೂರಿನ ಗಂಗೂಬಾಯಿ ಹಾನಗಲ್ ಅವರ ದನಿ ಎಳೆಯ ವಯಸ್ಸಿನಲ್ಲಿ ತೆಳ್ಳಗೆ ಇತ್ತು. ಗಂಟಲಿಗೆ ಚಿಕಿತ್ಸೆ ಆದ ಮೇಲೆ ಇಳಿದು ಗಂಡುದನಿಯ ಹಾಗೆ ಆಯಿತು. ಅವರು ಅದೇ ದನಿಯಲ್ಲಿ ಹಾಡಿದರು. ಇಂದು ಅವರ ರೆಕಾರ್ಡಿಂಗ್ ಹಾಕಿದರೆ ಒಂದೇ ಸ್ವರಕ್ಕೆ ಗುರುತು ಸಿಗುತ್ತದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಕ್ಷಯ ಬಂದು ಒಂದು ಶ್ವಾಸಕೋಶ ಕೈಕೊಟ್ಟಿತ್ತು. ಉದ್ದನೆಯ ಉಸಿರು ಹಿಡಿಯಲು ಆಗದವರು ತುಂಡು ತುಂಡು ಸ್ವರಗುಚ್ಛದಲ್ಲೇ ತಮ್ಮದೊಂದು ಗಾಯನ ಕಟ್ಟಿದರು. ನಿಮಗೆ 38 ಅಷ್ಟೇ.

ಹೇಮಾವತಿ ತೀರ (ಎರಡು ತಿಂಗಳ ನಂತರ)

ಎಲ್ಲರಿಗೂ ಕೈ ಮುಗಿಯುತ್ತೇನೆ. ಡಾಕ್ಟರಿಗೆ ತೋರಿಸಿದೆ. ಗಂಟು ಇಲ್ಲ, ಸ್ವಲ್ಪ ಊತ ಇತ್ತು. ಮೂರು ವಾರ ಕ್ಲಾಸಿಗೆ ಹೋಗಲಿಲ್ಲ. ಆ 'ಕೂ' ಪರೀಕ್ಷೆ ಮಾಡಿದ ದಿನ ಹಾರ್ಮೋನಿಯಂ ಮುಂದೆ ಕೂತು ಅತ್ತುಬಿಟ್ಟೆ. ನಾನು ಅಷ್ಟು ದಿನ ಗುದ್ದಾಡಿದ ಗಾಂಧಾರಕ್ಕಿಂತ ಎರಡು ಸ್ವರ ಮೇಲಿತ್ತು.

ನನ್ನ ಶ್ರುತಿ ನಾಲ್ಕು ಮನೆ. ಮೇಷ್ಟ್ರಿಗೆ ಹೆದರುತ್ತಲೇ ಹೇಳಿದೆ. ಮೊದಲು ಒಪ್ಪಲಿಲ್ಲ. ಹಾಡಿ ತೋರಿಸಿದ ಮೇಲೆ ಶನಿವಾರ ಬೇರೆಯಾಗಿ ಬನ್ನಿ ಅಂದರು. ಈಗ ವರ್ಣದ ಗಾಂಧಾರ ಸಣ್ಣಗೆ ಬರುತ್ತಿದೆ, ನೋವಿಲ್ಲದೆ ಬರುತ್ತಿದೆ. ಪಂಚಮ ಇನ್ನೂ ದೂರ. ಬೆಳಗಿನ ಪ್ರಾರ್ಥನೆಗೆ ದನಿ ಇರುತ್ತದೆ, ನನಗೆ ಅದೇ ದೊಡ್ಡದು.

ಒಂದೇ ಬೇಜಾರು. ಮಗಳದ್ದು ಐದೂವರೆ. ಸಂಜೆ ದೇವರ ಮುಂದೆ ಇಬ್ಬರೂ ಜೊತೆಗೆ ಹಾಡುತ್ತಿದ್ದೆವು. ಅದನ್ನು ಬಿಡಬೇಕಾ?

ತಂಬೂರಿ, ಮೈಸೂರು

ಬಿಡಬೇಡಿ. ಅವಳ ಶ್ರುತಿಯಲ್ಲೇ ಹಾಡಿ. ಮಧ್ಯಸ್ಥಾಯಿಯಲ್ಲೇ ಓಡಾಡುವ ದೇವರನಾಮಗಳು ಬೇಕಾದಷ್ಟಿವೆ, ಅವನ್ನು ಆರಿಸಿಕೊಳ್ಳಿ. ಚರಣದಲ್ಲಿ ತಾರ ಷಡ್ಜ ದಾಟುವ ಸಾಲು ಬಂದಾಗ ಅವಳಿಗೆ ಬಿಟ್ಟುಕೊಡಿ. ನೀವು ತಾಳ ಹಾಕಿ, ಪಲ್ಲವಿಗೆ ಮತ್ತೆ ಸೇರಿಕೊಳ್ಳಿ.